ಬೂಷ್ಟು ಹಿಡಿದ ಕ್ಯಾಸೆಟ್ಟಿನಲ್ಲಿ ಹಳೇ ಮಕ್ಕಳ ಧಾರಾವಾಹಿ: ಉಳಿಸಬಹುದೇ?

ಬದಿಯಡ್ಕದ ಮನೆಯ ಅಟ್ಟದಲ್ಲಿ, 1980ರ ದಶಕದಲ್ಲಿ ದೂರದರ್ಶನದಿಂದ ರೆಕಾರ್ಡ್ ಮಾಡಿದ ವಿಎಚ್‌ಎಸ್ ಕ್ಯಾಸೆಟ್ ಸಿಕ್ಕಿದೆ ಎಂದಿದ್ದೀರಿ. ಉಳಿಸಬಹುದು. ಆದರೆ ದಯವಿಟ್ಟು ಈಗಲೇ ವಿಸಿಆರ್‌ಗೆ ಹಾಕಬೇಡಿ.

ಕ್ಯಾಸೆಟ್ಟಿನ ಕಿಟಕಿಯಲ್ಲಿ ಇಣುಕಿ ನೋಡಿ. ಸುರುಳಿಯ ಅಂಚಿನಲ್ಲಿ ಬೂದಿ ಉದುರಿಸಿದ ಹಾಗೆ ಬಿಳಿ ಪುಡಿ ಕಂಡರೆ ಅದೇ ಬೂಷ್ಟು. ನಮ್ಮ ಆಟಿ ತಿಂಗಳ ಮಳೆಗಾಲದ ತೇವ ಅದಕ್ಕೆ ಧಾರಾಳ ಸಾಕು. ಹಾಗೇ ಓಡಿಸಿದರೆ ಟೇಪು ತುಂಡಾಗಬಹುದು, ಪುಡಿ ಟೇಪು ಓದುವ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಟ್ಟು ತೇವ ಆರಿಸಿ. ಅಡಿಕೆಯಂತೆ ಬಿಸಿಲಿಗೆ ಹಾಕುವುದು ಬೇಡವೇ ಬೇಡ. ಆಮೇಲೆ ಅನುಭವಸ್ಥರ ಕೈಯಲ್ಲಿ ಕವಚ ಬಿಚ್ಚಿಸಿ ಒರೆಸಿಸಿ.

ಡಿಜಿಟಲ್‌ಗೆ ಇಳಿಸುವಾಗ ಟೈಮ್ ಬೇಸ್ ಕರೆಕ್ಟರ್ (ಟೇಪಿನ ಸಿಗ್ನಲ್ಲಿನ ಏರುಪೇರು ಸರಿಪಡಿಸುವ ಸಾಧನ) ಇರಲಿ, ಇಲ್ಲದಿದ್ದರೆ ಚಿತ್ರ ನಡುಗುತ್ತದೆ. ಹೀಗೆ ಇಳಿಸಿದ ಮೂಲ ಡಿಜಿಟಲ್ ಪ್ರತಿಯನ್ನು ಎಫ್‌ಎಫ್‌ವಿ1ನಂಥ, ಗುಣಮಟ್ಟ ಕಳೆಯದ ವಿಡಿಯೊ ರೂಪದಲ್ಲೇ ಉಳಿಸಿ.

ಮನೆಯ ಕ್ಯಾಸೆಟ್ ಎಂದು ಅಸಡ್ಡೆ ಬೇಡ. ಹಿಂದೆ ಟೇಪು ದುಬಾರಿ, ಟಿವಿ ಸಂಸ್ಥೆಗಳೇ ಅಳಿಸಿ ಮತ್ತೆ ಬಳಸುತ್ತಿದ್ದವು. ಬಿಬಿಸಿ ಹೀಗೆ ಕಳೆದುಕೊಂಡ ‘ಡಾಕ್ಟರ್ ಹೂ’ ಧಾರಾವಾಹಿಯ ಕಂತುಗಳ ಧ್ವನಿಯಾದರೂ ಇಂದು ಕೇಳಸಿಗುವುದು ವೀಕ್ಷಕರು ಮನೆಯಲ್ಲಿ ರೆಕಾರ್ಡ್ ಮಾಡಿಟ್ಟಿದ್ದರಿಂದ. ನಡುವಿನ ಜಾಹೀರಾತುಗಳನ್ನೂ ಕತ್ತರಿಸಬೇಡಿ. ಪ್ರಸಾರದ ದಿನಾಂಕ ಪತ್ತೆಹಚ್ಚಲು ಅವೇ ಆಧಾರ.