ಕೈಕೆಲಸ ಬಾರದವರು ತೋಟದ ಮನೆಗೆ ಹೋದರೆ ಯಾವ ರಿಪೇರಿಯನ್ನು ಮೊದಲು ಕಲಿಯಬೇಕು?

ಪೇಟೆ ಬಿಟ್ಟು 2 ಎಕರೆ ತೋಟದ ಮನೆಗೆ ಹೋಗುತ್ತಿದ್ದೀರಿ. ಮೊಳೆ ಹೊಡೆಯುವುದೂ ನೆಟ್ಟಗೆ ಬರಲ್ಲ ಅಂದಿದ್ದೀರಿ. ಯಾವುದನ್ನು ಮೊದಲು ಕಲಿಯಲಿ, ಎಲ್ಲ ರಿಪೇರಿಯನ್ನೂ ನಾವೇ ಮಾಡಿಕೊಳ್ಳೋಕೆ ಆಗತ್ತಾ ಅಂತ ಕೇಳಿದ್ದೀರಿ. ನಾನೂ ಹಾಗೇ ಬಂದವನು. 11 ವರ್ಷ ಆಯಿತು. ನನ್ನ ಮೊಳೆ ಈಗಲೂ ಸೊಟ್ಟಗೇ ಹೋಗುತ್ತದೆ.

ನೀರಿನಿಂದ ಶುರು ಮಾಡಿ. ಬಾಗಿಲು ಕಿರುಗುಟ್ಟಿದರೆ ಇನ್ನೊಂದು ತಿಂಗಳು ಕಿರುಗುಟ್ಟಲಿ ಬಿಡಿ. ಸೂರು ಸೋರಿದರೆ ಕೆಳಗೆ ಬಕೆಟ್ ಇಡಬಹುದು. ನೀರು ನಿಂತರೆ ಮಾತ್ರ ಮಧ್ಯಾಹ್ನದೊಳಗೆ ಮನೆಯವರೆಲ್ಲ ನಿಮ್ಮ ಮುಖ ನೋಡುತ್ತಾರೆ. ದನ ಸಾಕಿದ್ದರೆ ಅವೂ ನೋಡುತ್ತವೆ.

ಮೊದಲ ವರ್ಷ ನಾನು ಮಾಡಿಕೊಂಡ ಎಡವಟ್ಟು ಹೇಳುತ್ತೇನೆ. ನಮ್ಮದು ತೆರೆದ ಬಾವಿ, ಕಟ್ಟೆಯ ಪಕ್ಕದಲ್ಲಿ ಸಣ್ಣ ಮಾನೋಬ್ಲಾಕ್ ಪಂಪ್, ಅಂದರೆ ಮೋಟಾರೂ ಪಂಪೂ ಒಂದೇ ಆಗಿರುವಂಥದ್ದು. ಒಂದು ಬೆಳಿಗ್ಗೆ ಸ್ವಿಚ್ ಹಾಕಿದೆ. ಮೋಟಾರ್ ಚೆನ್ನಾಗಿ ಓಡಿತು, ತೊಟ್ಟಿಗೆ ಬಂದದ್ದು ಬರೀ ಗಾಳಿ. ಪಂಪ್ ಕೆಟ್ಟಿದೆ ಅಂತ ನಾನೇ ತೀರ್ಪು ಕೊಟ್ಟು ಬಿಚ್ಚಿ ಹಾಕಿದೆ. ನೀರು ತಳ್ಳುವ ಒಳಚಕ್ರ ಇಂಪೆಲ್ಲರ್ ತೊಳೆದೆ, ಹೊಸ ಸೀಲ್ ಹಾಕಿದೆ, ತಳದ ಒಂದು ಬೋಲ್ಟಿನ ತಲೆ ಮುರಿದೆ. ಎರಡು ದಿನ ಹೋಯಿತು. ಎಲ್ಲ ಜೋಡಿಸಿ ಸ್ವಿಚ್ ಹಾಕಿದರೆ ಅದೇ ಗಾಳಿ.

ಪಕ್ಕದ ತೋಟದ ಅಜ್ಜ ಬಂದು ನೋಡಿದರು. "ಪೈಪ್ ನೋಡಿದ್ಯಾ?" ಅಂದರು. "ಎಲ್ಲೂ ಸೋರ್ತಿಲ್ಲ ಅಜ್ಜ, ಪೈಪ್ ಸರಿಯಾಗೇ ಇದೆ" ಅಂದೆ. "ಆ ಪೈಪ್ ಸೋರಲ್ಲ ಕಣಪ್ಪ, ಹೀರ್ಕೊಳ್ಳತ್ತೆ."

ಈ ಮಾತು ತಲೆಗೆ ಹೋಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮೇಲೆ ಕೂತ ಪಂಪ್ ನೀರನ್ನು ಕೈ ಹಾಕಿ ಎತ್ತುವುದಿಲ್ಲ. ಪೈಪಿನೊಳಗೆ ಒತ್ತಡ ಕಡಿಮೆ ಮಾಡುತ್ತದೆ, ಅಷ್ಟೇ. ಬಾವಿಯ ನೀರಿನ ಮೇಲೆ ಕೂತಿರುವ ಹೊರಗಿನ ಗಾಳಿಯೇ ನೀರನ್ನು ಮೇಲಕ್ಕೆ ತಳ್ಳುತ್ತದೆ. ಅದಕ್ಕೇ ಎಷ್ಟು ದೊಡ್ಡ ಮೋಟಾರ್ ಇಟ್ಟರೂ ಲೆಕ್ಕದ ಪ್ರಕಾರ 10 ಮೀಟರ್ ಚಿಲ್ಲರೆಗಿಂತ ಆಳದಿಂದ ಹೀರಲು ಆಗುವುದಿಲ್ಲ. ನಿಜವಾಗಿ ನಡೆಯುವುದು 6-7 ಮೀಟರ್. ಪಂಪಿನಿಂದ ಕೆಳಗಿನ ಪೈಪಿನಲ್ಲಿ ಬಿರುಕು ಬಿಟ್ಟರೆ, ಪಂಪ್ ಓಡುವಾಗ ನೀರು ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಒಂದು ಹನಿಯೂ ಕಾಣುವುದಿಲ್ಲ.

ಅಜ್ಜ ಸೋಪಿನ ನೊರೆ ಮಾಡಿಸಿದರು. ಪಂಪಿಗೆ ನೀರು ತುಂಬಿಸಿ ಓಡಿಸಿ, ಹಳೆಯ ಶೇವಿಂಗ್ ಬ್ರಷ್ಷಿನಿಂದ ಒಂದೊಂದೇ ಜಾಯಿಂಟಿಗೆ ನೊರೆ ಮೆತ್ತುತ್ತಾ ಹೋದರು. ಮೂರು ಕಡೆ ನೊರೆ ಸುಮ್ನೆ ಕೂತಿತ್ತು. ನಾಲ್ಕನೆಯದು ಎಲ್ಬೋ, ಪೈಪ್ ತಿರುಗುವ ಕಡೆ ಹಾಕುವ ಮೂಲೆ ತುಂಡು. ಅದರ ಅಡಿಭಾಗದಲ್ಲಿ ಮೆತ್ತಿದ ನೊರೆ ಮೆಲ್ಲಗೆ ಗುಳಿ ಬಿದ್ದು ಒಳಗೆ ಹೋಯಿತು. ಒರೆಸಿ ನೋಡಿದರೆ ಉಗುರು ಗೀರಿದಂಥ ಬಿರುಕು. ಅಷ್ಟಕ್ಕೆ ನಾನು ಇಡೀ ಪಂಪ್ ಬಿಚ್ಚಿದ್ದೆ.

ಹಾಗಾಗಿ ಸ್ಪ್ಯಾನರ್ ಹಿಡಿಯುವುದಕ್ಕೆ ಮೊದಲು ದೋಷ ಎಲ್ಲಿದೆ ಅಂತ ಹುಡುಕುವುದನ್ನು ಕಲಿಯಿರಿ. ನಾನು ಈಗ ನೋಡುವ ವರಸೆ ಇದು. ಮೋಟಾರ್ ಓಡುತ್ತದೆ, ನೀರಿಲ್ಲ ಅಂದರೆ ಮೊದಲು ಬಾವಿಗೆ ಇಣುಕುತ್ತೇನೆ, ನೀರೇ ಕೆಳಗೆ ಹೋಗಿರಬಹುದು. ಆಮೇಲೆ ಮೋಟಾರ್ ನಿಲ್ಲಿಸಿ ಪಂಪಿನ ಮೇಲಿನ ಬಿರಡೆ ತೆಗೆದು ನೀರು ತುಂಬಿಸಿ ಕಾಯುತ್ತೇನೆ. ಮಟ್ಟ ಇಳಿಯುತ್ತಾ ಹೋಗಿ ಪೈಪಿನ ಹೊರಮೈ ಒಣಗಿಯೇ ಇದ್ದರೆ ತಪ್ಪು ಫುಟ್ ವಾಲ್ವಿನದ್ದು, ಅಂದರೆ ಪೈಪಿನ ಕೆಳತುದಿಯಲ್ಲಿ ನೀರು ವಾಪಸ್ ಬಾವಿಗೆ ಇಳಿಯದಂತೆ ತಡೆಯುವ ವಾಲ್ವಿನದ್ದು. ಎಲೆ ಸಿಕ್ಕಿರುತ್ತದೆ, ಇಲ್ಲವೇ ರಬ್ಬರ್ ಸವೆದಿರುತ್ತದೆ. ಮಟ್ಟ ಇಳಿಯದೆ ನಿಂತರೆ ನೊರೆ ಬ್ರಷ್ ಹೊರಗೆ ಬರುತ್ತದೆ. ಮೋಟಾರ್ ಓಡದೆ ಬರೀ ಗುಂಯ್‌ಗುಟ್ಟಿದರೆ ತಕ್ಷಣ ಆಫ್ ಮಾಡಿ, ಇಲ್ಲದಿದ್ದರೆ ವೈಂಡಿಂಗ್, ಅಂದರೆ ಒಳಗಿನ ತಂತಿ ಸುರುಳಿ, ಸುಡುತ್ತದೆ. ಕರೆಂಟ್ ಪೂರ್ತಿ ತಪ್ಪಿಸಿ ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ಸಿಂಗಲ್ ಫೇಸ್ ಮೋಟಾರಿನಲ್ಲಿ ಅದು ಸಲೀಸಾಗಿ ತಿರುಗಿದರೆ ಜಾಸ್ತಿ ಸಲ ಮೋಟಾರ್ ಶುರುವಾಗಲು ನೆರವಾಗುವ ಕೆಪಾಸಿಟರ್ ಹೋಗಿರುತ್ತದೆ. ತಿರುಗದಿದ್ದರೆ ಒಳಗೆ ಎಲ್ಲೋ ಜಾಮ್ ಆಗಿದೆ. ಕೆಪಾಸಿಟರ್ ಬದಲಾಯಿಸುವುದು ಸುಲಭದ ಕೆಲಸ ಅನ್ನುತ್ತಾರೆ. ಕರೆಂಟ್ ತೆಗೆದ ಮೇಲೂ ಅದು ಹೊಡೆಯಬಲ್ಲದು. ನಾನು ಎಲೆಕ್ಟ್ರಿಷಿಯನ್‌ಗೇ ಬಿಡುತ್ತೇನೆ.

ಪಿವಿಸಿ ಪೈಪ್ ಅಂಟಿಸುವುದರಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಡಬ್ಬಿಯಲ್ಲಿರುವ ಸಾಲ್ವೆಂಟ್ ಗೋಂದಲ್ಲ. ಅದು ಎರಡೂ ಪೈಪಿನ ಮೈಯನ್ನು ಕರಗಿಸಿ ಒಂದಾಗಿಸುತ್ತದೆ. ಒದ್ದೆ ಇದ್ದರೆ, ಮಣ್ಣಿದ್ದರೆ, ಗರಗಸದ ಚೂರು ತುದಿಯಲ್ಲಿ ನೇತಾಡುತ್ತಿದ್ದರೆ ಹಿಡಿಯುವುದಿಲ್ಲ. ಎರಡೂ ಕಡೆ ತೆಳ್ಳಗೆ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ತಳದವರೆಗೆ ತಳ್ಳಿ, ಅರ್ಧ ನಿಮಿಷ ಬಿಡದೆ ಹಿಡಿದುಕೊಳ್ಳಿ. ಬಿಟ್ಟರೆ ಪೈಪ್ ತಾನಾಗಿಯೇ ಹಿಂದೆ ಸರಿಯುತ್ತದೆ. ಆಮೇಲೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾಯಿರಿ. ಹೊಸ ಎಲ್ಬೋ ಹಾಕಿದ ದಿನ ನಾನು ಕಾಯಲಿಲ್ಲ. ಒಂದೇ ಗಂಟೆಯಲ್ಲಿ ಸ್ವಿಚ್ ಹಾಕಿದೆ, ಹೊಸ ಜಾಯಿಂಟೂ ಗಾಳಿ ಎಳೆಯಿತು. ಎಲ್ಬೋ ಇನ್ನೊಂದು ದಂಡ.

ಅಂಗಡಿಗೆ ಹೋಗುವಾಗ ಹಳೆಯ ಪಾರ್ಟನ್ನೇ ಜೇಬಿನಲ್ಲಿ ಹಾಕಿಕೊಂಡು ಹೋಗಿ. ಟೇಪ್ ಹಿಡಿದು ಅಳೆದು ಹೋದರೆ ಮೋಸ ಹೋಗುತ್ತೀರಿ. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್ ಅಲ್ವಾ? ಅರ್ಧ ಇಂಚಿನ ಕಬ್ಬಿಣದ ಪೈಪಿನ ಹೊರ ಅಳತೆ 21 ಮಿಲಿಮೀಟರ್ ದಾಟುತ್ತದೆ. ಅದು ಹೆಸರಿಗಷ್ಟೇ ಅರ್ಧ ಇಂಚು. ಇದು ತಿಳಿಯುವಷ್ಟರಲ್ಲಿ ನನ್ನ ಹತ್ತಿರ ಯಾವುದಕ್ಕೂ ಕೂರದ ಒಂದು ಡಬ್ಬಿ ಸಾಮಾನು ಸೇರಿತ್ತು.

ನೀರು ಬಿಟ್ಟರೆ ದಿನವೂ ಕೈಗೆ ಬರುವುದು ಗುದ್ದಲಿ, ಕೊಡಲಿ, ಕುಡುಗೋಲು. ಕಾವು, ಅಂದರೆ ಮರದ ಹಿಡಿ, ಸಡಿಲವಾದರೆ ರಾತ್ರಿ ನೀರಿನಲ್ಲಿ ನೆನೆಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಮಾರನೇ ದಿನ ಬಿಗಿಯಾಗಿಯೇ ಇರುತ್ತದೆ. ಆದರೆ ಊದಿದ ಮರಕ್ಕೆ ಕಬ್ಬಿಣದ ಕಣ್ಣಿನೊಳಗೆ ಜಾಗ ಇರಲ್ಲ, ನಾರು ಜಜ್ಜಿಹೋಗುತ್ತದೆ. ಒಣಗಿದ ಮೇಲೆ ಮೊದಲಿಗಿಂತ ಜಾಸ್ತಿ ಅಲ್ಲಾಡುತ್ತದೆ. ಕೊಡಲಿ ಹಾಗೆ ಅಲ್ಲಾಡುವುದು ತಮಾಷೆಯಲ್ಲ. ಚೆನ್ನಾಗಿ ಒಣಗಿದ ಕಾವು, ಬಿಗಿಯಾದ ಬೆಣೆ, ಇದೇ ಸರಿ. ಕಾವು ಆರಿಸುವಾಗ ನಾರು ತುದಿಯಿಂದ ತುದಿಗೆ ನೆಟ್ಟಗೆ ಹೋಗಿದೆಯಾ ನೋಡಿ. ಅಡ್ಡ ಹಾಯ್ದ ಕಡೆಯಲ್ಲೇ ಒಂದು ದಿನ ಮುರಿಯುತ್ತದೆ. ಹೊಳೆಯಲಿ ಅಂತ ವಾರ್ನಿಷ್ ಬಳಿಯಬೇಡಿ, ಅಂಗೈಯಲ್ಲಿ ಬೊಬ್ಬೆ ಬರುತ್ತದೆ. ಗಾಜಿನ ಚೂರಿನಿಂದ ಹೆರೆದು ಅಗಸೆ ಎಣ್ಣೆ ತಿಕ್ಕಿ. ಮಳೆ ಹಿಡಿದ ಮಧ್ಯಾಹ್ನ ಜಗಲಿಯಲ್ಲಿ ಕೂತು ಮಾಡಲು ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ.

ಬಾಗಿಲು, ಬೇಲಿ, ನಲ್ಲಿ ಇವೆಲ್ಲ ಮಾಡ್ತಾ ಮಾಡ್ತಾ ಬರುತ್ತವೆ. ಬಿಚ್ಚುವಾಗ ಹಂತಹಂತಕ್ಕೆ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ, ಸಾಕು.

ಇನ್ನು ಎಲ್ಲವನ್ನೂ ನೀವೇ ಮಾಡಿಕೊಳ್ಳುವ ಮಾತು. ಬೇಡ. ಫ್ಯೂಸ್ ಮೇಲಿಂದ ಮೇಲೆ ಹೋಗುತ್ತಿದೆ ಅಂತ ದಪ್ಪ ತಂತಿ ಹಾಕುವವರನ್ನು ನೋಡಿದ್ದೇನೆ. ಫ್ಯೂಸ್ ಕೆಟ್ಟಿಲ್ಲ, ಅದು ತನ್ನ ಕೆಲಸ ಮಾಡುತ್ತಿದೆ. ದಪ್ಪ ತಂತಿ ಹಾಕಿದರೆ ಮುಂದಿನ ಸಲ ಬಿಸಿಯಾಗುವುದು ಗೋಡೆಯೊಳಗಿನ ವೈರ್. ಒದ್ದೆ ಹೆಂಚಿನ ಮೇಲೆ ಹತ್ತಬೇಡಿ. ಫುಟ್ ವಾಲ್ವ್ ನೋಡಬೇಕಾದರೆ ಪೈಪನ್ನೇ ಮೇಲಕ್ಕೆ ಎಳೆಯಿರಿ, ಬಾವಿಗೆ ಇಳಿಯಬೇಡಿ. ಮುಚ್ಚಿಟ್ಟ ಹಳೆಯ ಬಾವಿಯ ತಳದಲ್ಲಿ ಉಸಿರಾಡುವ ಗಾಳಿಯೇ ಇಲ್ಲದಿರಬಹುದು. ಅದಕ್ಕೆ ವಾಸನೆಯೂ ಇರಬೇಕೆಂದಿಲ್ಲ. ಒಳಗೆ ಬಿದ್ದವನನ್ನು ಎತ್ತಲು ಇಳಿದವನೂ ಅಲ್ಲೇ ಬೀಳುತ್ತಾನೆ.

ಮೊದಲ ದಿನಕ್ಕೆ ಪೈಪ್ ರೆಂಚ್ ಎರಡು ತನ್ನಿ, ಒಂದರಲ್ಲಿ ಹಿಡಿಯಲು, ಇನ್ನೊಂದರಲ್ಲಿ ತಿರುಗಿಸಲು. ಒಂದು ಹ್ಯಾಕ್ಸಾ, ಟೆಫ್ಲಾನ್ ಟೇಪ್, ಫುಟ್ ವಾಲ್ವಿನ ರಬ್ಬರ್ ಒಂದು ಜಾಸ್ತಿ. ಶೇವಿಂಗ್ ಬ್ರಷ್ ಮನೆಯಲ್ಲೇ ಇರುತ್ತದೆ. ನಾನು ತಲೆ ಮುರಿದ ಆ ತಳದ ಬೋಲ್ಟ್ ಇನ್ನೂ ಹಾಗೇ ಇದೆ. ಪಂಪ್ ಮೂರು ಬೋಲ್ಟಿನ ಮೇಲೆ ಸ್ವಲ್ಪ ನಡುಗುತ್ತಾ ಓಡುತ್ತಿದೆ. ಈ ಬೇಸಿಗೆಯಲ್ಲಿ ತೆಗೆಸಬೇಕು ಅಂತ ಹೋದ ಬೇಸಿಗೆಯಲ್ಲೂ ಅಂದುಕೊಂಡಿದ್ದೆ.