ಹುಟ್ಟೂರಿನ ಬಿಸಿಲು ಒಗ್ಗದಿದ್ದರೆ

ಪ್ರಶ್ನೆ: ನಾನು ರಾಯಚೂರಿನವನು. ನೌಕರಿಯ ನಿಮಿತ್ತ ಬಹಳ ವರ್ಷಗಳಿಂದ ತೀರ್ಥಹಳ್ಳಿಯಲ್ಲಿದ್ದೇನೆ. ಈಗ ಊರಿಗೇ ವರ್ಗವಾಗಿದ್ದು, ಏಪ್ರಿಲ್ ಕೊನೆಗೆ ಹೊರಡಬೇಕು. ಕಳೆದ ಬೇಸಗೆಯಲ್ಲಿ ಮದುವೆಗೆಂದು ಹೋದಾಗ ಎರಡೇ ದಿನಕ್ಕೆ ತಲೆಸುತ್ತು ಬಂದು ಮಲಗಿಬಿಟ್ಟೆ. ಹುಟ್ಟಿ ಬೆಳೆದ ಊರಿನ ಬಿಸಿಲೇ ಮೈಗೆ ಒಗ್ಗದಿರಲು ಕಾರಣವೇನು?
- ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಬಿಸಿಲು ತಾಳುವ ಶಕ್ತಿಯನ್ನು ದೇಹ ಆಗಾಗ ಹೊಸದಾಗಿ ಗಳಿಸಿಕೊಳ್ಳಬೇಕಾಗುತ್ತದೆ. ಬಿಸಿಲಿಗೆ ಪಳಗಿದವರಲ್ಲಿ ರಕ್ತದ ದ್ರವಾಂಶ ಹೆಚ್ಚಿರುತ್ತದೆ, ಬೆವರು ಬೇಗ ಒಸರುತ್ತದೆ, ಅದರೊಡನೆ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಆದರೆ ತಂಪಿನಲ್ಲಿ ಕೆಲವು ವಾರ ಕಳೆದರೆ ಈ ಹೊಂದಾಣಿಕೆಯ ಬಹುಪಾಲು ಅಳಿಸಿಹೋಗುತ್ತದೆ. ಅದು ಮರಳಿ ಬರಲು ಸಾಮಾನ್ಯವಾಗಿ 7ರಿಂದ 14 ದಿನ ಬೇಕು. ಮದುವೆಮನೆಯ ಎರಡು ದಿನ, ಅದೂ ನಿದ್ದೆಗೆಟ್ಟು ಶಾಮಿಯಾನದಡಿ ಓಡಾಡಿದ ದಿನಗಳು, ಅದಕ್ಕೆ ಸಾಲುವುದಿಲ್ಲ.

ಇನ್ನೊಂದು ಕಾರಣವೂ ಇದೆ. ತೀರ್ಥಹಳ್ಳಿಯೂ ಏಪ್ರಿಲ್‌ನಲ್ಲಿ ತಂಪೇನಲ್ಲ, ಆದರೆ ಅಲ್ಲಿಯದು ತೇವದ ಸೆಕೆ. ಬೆವರು ಆರದೆ ಅಂಗಿಗೆ ಅಂಟಿಕೊಳ್ಳುವುದರಿಂದ ನೀರು ಕುಡಿಯಬೇಕೆಂಬುದು ತಾನಾಗಿ ನೆನಪಾಗುತ್ತದೆ. ರಾಯಚೂರಿನ ಒಣಗಾಳಿಯಲ್ಲಿ ಬೆವರು ಕಣ್ಣಿಗೆ ಬೀಳುವ ಮೊದಲೇ ಆರಿಹೋಗುತ್ತದೆ. ಬೆವರಲೇ ಇಲ್ಲ ಎನ್ನುವವರ ಅಂಗಿಯ ಬೆನ್ನಿನಲ್ಲಿ ಸಂಜೆಗೆ ಬಿಳಿಯ ಉಪ್ಪಿನ ಗೆರೆಗಳು ಮೂಡಿರುತ್ತವೆ. ಹೀಗಾಗಿ ಬಾಯಾರಿಕೆಗೆ ಕಾಯದೆ ಆಗಾಗ ನೀರು, ಉಪ್ಪು ಹಾಕಿದ ಮಜ್ಜಿಗೆ ಕುಡಿಯಬೇಕು. ಮೂತ್ರ ಕಡು ಹಳದಿಯಾಗಿದ್ದರೆ ಕುಡಿದದ್ದು ಸಾಲಲಿಲ್ಲವೆಂದೇ ತಿಳಿಯಿರಿ.

ಹೊರಡುವ ಎರಡು ವಾರ ಮೊದಲೇ, ಮುಂಜಾನೆಯ ವಾಕಿಂಗ್ ಅನ್ನು ಇಳಿಹೊತ್ತಿಗೆ ಬದಲಿಸಿ, ಚೆನ್ನಾಗಿ ಬೆವರುವಷ್ಟು ನಡೆಯಲು ಆರಂಭಿಸಿ. ಊರು ಸೇರಿದ ಮೇಲೆ ಮೊದಲ ವಾರ ಮನೆ ಸಾಮಾನು ಇಳಿಸುವಂತಹ ಭಾರದ ಕೆಲಸಗಳನ್ನು ಬೆಳಗ್ಗೆಯೇ ಮುಗಿಸಿ, ಬಿಸಿಲಿನಲ್ಲಿರುವ ಹೊತ್ತನ್ನು ದಿನದಿನಕ್ಕೆ ಸ್ವಲ್ಪವೇ ಹೆಚ್ಚಿಸಿ. ದಿನವಿಡೀ ಎ.ಸಿ. ಕೋಣೆಯಲ್ಲೇ ಉಳಿದರೆ ಮೈ ಪಳಗುವುದೇ ಇಲ್ಲ. ಮಲೆನಾಡಿನಲ್ಲಿ ಜಿಗುಟು ಹೆಚ್ಚಿಸುತ್ತದೆಂದು ನೀವು ಅಟ್ಟಕ್ಕೇರಿಸಿದ ಕೂಲರ್ ಇದ್ದರೆ ಬಿಟ್ಟುಹೋಗಬೇಡಿ. ನೀರು ಆರುವುದರಿಂದಲೇ ತಂಪು ನೀಡುವ ಆ ಯಂತ್ರ ಒಣಹವೆಯಲ್ಲಿ, ಕಿಟಕಿಯೊಂದನ್ನು ತೆರೆದಿಟ್ಟರೆ, ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಬಿಸಿ 40 ಡಿಗ್ರಿ ದಾಟಿದಾಗ ಬರೀ ಫ್ಯಾನ್ ಬಿಸಿಗಾಳಿಯನ್ನೇ ಮೈಗೆ ಬೀಸುತ್ತದೆ.

ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುತ್ತಿದ್ದರೆ ಹೊರಡುವ ಮುನ್ನ ವೈದ್ಯರನ್ನು ಕಾಣಿರಿ, ತಾವಾಗಿ ನಿಲ್ಲಿಸಬೇಡಿ. ತಲೆಸುತ್ತು ಬಂದರೆ ನೆರಳಿನಲ್ಲಿ ಮಲಗಿ ಓ.ಆರ್.ಎಸ್. ಕುಡಿದರೆ ಸಾಮಾನ್ಯವಾಗಿ ಚೇತರಿಕೆಯಾಗುತ್ತದೆ. ಆದರೆ ಮೈ ಕೆಂಡದಂತೆ ಸುಡುತ್ತಾ ಮಾತು ತೊದಲಿದರೆ ಅಥವಾ ಎಚ್ಚರ ತಪ್ಪಿದರೆ ಅದು ಉಷ್ಣಾಘಾತ. ಬಾಯಿಗೆ ಏನನ್ನೂ ಹಾಕದೆ, 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೂ ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತಿರಬೇಕೆಂದು ಮನೆಯವರಿಗೆ ಮೊದಲೇ ಹೇಳಿಡಿ.