ತಂಬೂರಿ ಮುಂದೆ ಬಂದು ಕೂತರೆ?

ಧಾರವಾಡದ ಹಿರಿಯ ಓದುಗರಿಗೆ ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ಬಂದ ಮಿನಿಮಲಿಸ್ಟ್ ಸಂಗೀತದ, ಅಂದರೆ ಕೆಲವೇ ಸ್ವರಗಳನ್ನೋ ಲಯಗಳನ್ನೋ ಬಹಳ ಹೊತ್ತು ಹಿಡಿದು, ಮರುಕಳಿಸಿ ಕಟ್ಟುವ ಸಂಗೀತದ ಲೇಖನ ನಿಮಗೆ ಸಿಟ್ಟು ತರಿಸಿದೆ. ಒಂದೇ ಸ್ವರ ಹಿಡಿದು ತಾಸುಗಟ್ಟಲೆ ಕೂರುವುದು ಸಂಗೀತವಾದರೆ ತಂಬೂರಿ ಮೀಟುವವರೇ ಕಛೇರಿಯ ಮುಖ್ಯ ಕಲಾವಿದರಾಗಬೇಕಲ್ಲ ಎಂದು ಕೇಳಿದ್ದೀರಿ. ಅಮೆರಿಕದವರು ನಮ್ಮ ಸೊತ್ತನ್ನು ಕದ್ದು ಹೊಸ ಹೆಸರಿಟ್ಟರು ಎಂದೂ, ಇಂಥದ್ದಕ್ಕೆ ಇನ್ನು ಪುಟ ಕೊಡಬೇಡಿ ಎಂದೂ ಬರೆದಿದ್ದೀರಿ. ಸಂಗೀತದ ಮೇಲಿನ ಅಕ್ಕರೆಯಿಂದ ಹುಟ್ಟಿದ ಸಿಟ್ಟು ಇದು. ನಾಲ್ಕು ಸಾಲಿನಲ್ಲಿ ಉತ್ತರಿಸಿ ಮುಗಿಸಲು ಮನಸ್ಸಾಗಲಿಲ್ಲ.

ಕಳ್ಳತನದ ಮಾತನ್ನು ನಾನು ಒಪ್ಪುವುದಿಲ್ಲ. ಹಿಂದೂಸ್ತಾನಿ ಗಾಯಕ ಪಂಡಿತ್ ಪ್ರಾಣನಾಥ್ ಕಿರಾಣಾ ಘರಾಣೆಯ, ಅಂದರೆ ಆ ಗಾಯನ ಪರಂಪರೆಯವರು, ಅಬ್ದುಲ್ ವಹೀದ್ ಖಾನರ ಶಿಷ್ಯರು. ವಹೀದ್ ಖಾನರ ಬಂಧು ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ವಿದ್ಯೆ ಹರಿದದ್ದು ನಿಮಗೆ ಹೊಸತಲ್ಲ. ಅದೇ ಘರಾಣೆಯ ಇನ್ನೊಂದು ಕವಲು ಪ್ರಾಣನಾಥರ ಜೊತೆ 1970ರಲ್ಲಿ ಅಮೆರಿಕಕ್ಕೆ ಹೋಯಿತು. ಮಿನಿಮಲಿಸ್ಟ್ ಸಂಗೀತದ ಮೊದಲಿಗರಾದ ಲಾ ಮಾಂಟ್ ಯಂಗ್ ಮತ್ತು ಟೆರಿ ರೈಲಿ, ಬೆಳಕಿನ ಕಲಾವಿದೆ ಮರಿಯನ್ ಝಜೀಲಾ ಪ್ರಾಣನಾಥರ ಶಿಷ್ಯರಾದರು. ಅಷ್ಟು ಹೊತ್ತಿಗೆ ಯಂಗ್, ರೈಲಿ ಇಬ್ಬರೂ ಹೆಸರಾಂತ ಸಂಯೋಜಕರು. ಆದರೂ ಗುರುವಿನ ಹಿಂದೆ ಕೂತು ತಂಬೂರಿ ಮೀಟಿದರು. 1996ರಲ್ಲಿ ಗುರುಗಳು ತೀರಿಕೊಳ್ಳುವವರೆಗೂ ಶಿಷ್ಯರಾಗಿಯೇ ಉಳಿದರು.

ಇನ್ನೂ ಒಂದು ಮಾತು. ಯಂಗ್ 1960ರಲ್ಲೇ ಎರಡೇ ಸ್ವರಗಳ ಒಂದು ಕೃತಿ ಬರೆದಿದ್ದರು. ಆ ಎರಡರ ಅಂತರ ಷಡ್ಜ-ಪಂಚಮದ್ದು. ಜೊತೆಗಿದ್ದ ಸೂಚನೆ ಇಷ್ಟೇ: ಬಹಳ ಹೊತ್ತು ಹಿಡಿಯಬೇಕು. ಅದಕ್ಕೂ ಮೊದಲೇ ಅವರು ಸರೋದ್ ವಾದಕ ಅಲಿ ಅಕ್ಬರ್ ಖಾನರ ರೆಕಾರ್ಡ್ ಕೇಳಿದ್ದರು. ಆ ಋಣವನ್ನು ಅವರು ಮುಚ್ಚಿಟ್ಟಿಲ್ಲ.

ಈಗ ನಿಮ್ಮ ತಂಬೂರಿಗೆ ಬರೋಣ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಖರ್ಜದ (ಕೆಳ ಷಡ್ಜದ) ತಂತಿಯಿಂದ ಗಾಂಧಾರ ತಾನಾಗಿ ಏಳುತ್ತದೆ. ಯಾರೂ ಮೀಟದ, ಯಾವ ತಂತಿಗೂ ಕಟ್ಟದ ಸ್ವರ ಅದು. ಗಾಯಕರು ಬಾಯಿ ತೆರೆದೊಡನೆ ನಮ್ಮ ಗಮನ ರಾಗದ ಕಡೆ ಹೋಗುತ್ತದೆ, ಹೋಗಲೇಬೇಕು. ಯಂಗ್ ಮತ್ತು ಝಜೀಲಾ ಆ ಗಾಂಧಾರದಂಥ ಸ್ವರಗಳಿಗಾಗಿಯೇ ಒಂದು ಮನೆ ಕಟ್ಟಿದರು. ನ್ಯೂಯಾರ್ಕಿನ ಚರ್ಚ್ ಸ್ಟ್ರೀಟ್‌ನಲ್ಲಿ 1993ರಲ್ಲಿ ತೆರೆದ ಡ್ರೀಮ್ ಹೌಸ್ ಅದು. ಝಜೀಲಾ ರೂಪಿಸಿದ ನೇರಳೆಗೆಂಪು ಬೆಳಕಿನಲ್ಲಿ, ಲೆಕ್ಕ ಹಾಕಿ ಆರಿಸಿದ ಕಂಪನಗಳು ಬದಲಾಗದೆ ಮೊಳಗುತ್ತಿರುತ್ತವೆ. ನೀವು ಕತ್ತು ತುಸು ತಿರುಗಿಸಿದರೆ ಬೇರೆ ಸ್ವರ, ಎರಡು ಹೆಜ್ಜೆ ಇಟ್ಟರೆ ಮತ್ತೊಂದು. ಅಲೆಗಳು ಕೋಣೆಯ ಒಂದೆಡೆ ಕೂಡಿಕೊಂಡು ಬಲಗೊಳ್ಳುತ್ತವೆ, ಇನ್ನೊಂದೆಡೆ ಒಂದನ್ನೊಂದು ಅಳಿಸುತ್ತವೆ. ಆಲಾಪ ಮಾಡುತ್ತಿರುವುದು ಕೇಳುಗನ ಕಿವಿಯೇ! ತಂಬೂರಿಯವರೇ ಮುಖ್ಯ ಕಲಾವಿದರೇ ಎಂಬ ನಿಮ್ಮ ಪ್ರಶ್ನೆಗೆ ಇಲ್ಲಿ ಹೌದು ಎಂದೇ ನನ್ನ ಉತ್ತರ.

ಈ ಹೆಸರಿನಡಿ ಬರುವುದೆಲ್ಲ ಒಳ್ಳೆಯದೆಂದು ನಾನು ಹೇಳಲಾರೆ. ಶ್ರುತಿಯ ಸೂಕ್ಷ್ಮವಿಲ್ಲದೆ ಬರೀ ಉದ್ದ ಎಳೆದ ಕೃತಿಗಳು ಬೇಕಾದಷ್ಟಿವೆ, ಅವು ನನಗೂ ಬೇಸರ ತರುತ್ತವೆ.

ಎಲ್ಲರ ಬೇರೂ ನಮ್ಮಲ್ಲಿಲ್ಲ. ಇದೇ ಪಂಥದ ಅಮೆರಿಕದ ಸಂಯೋಜಕ ಸ್ಟೀವ್ ರೈಶ್ ಹೊರಟದ್ದು ಒಂದೇ ಧ್ವನಿಯನ್ನು ನುಡಿಸುವ ಎರಡು ಟೇಪ್‌ ಯಂತ್ರಗಳು ನಿಧಾನವಾಗಿ ಒಂದರಿಂದೊಂದು ಜಾರುವುದನ್ನು ಕೇಳಿ. 1970ರಲ್ಲಿ ಘಾನಾಕ್ಕೆ ಹೋಗಿ ಡೋಲು ಕಲಿತರು. ಇಬ್ಬರು ಚಪ್ಪಾಳೆ ತಟ್ಟಿ ನುಡಿಸುವ ಅವರ 1972ರ ಕೃತಿಯನ್ನು ನಿಮ್ಮ ಶಿಷ್ಯರಿಂದ ಮಾಡಿಸಿ ನೋಡಿ. ಮೂರು ಚಪ್ಪಾಳೆ, ಬಿಡುವು, ಎರಡು, ಬಿಡುವು, ಒಂದು, ಬಿಡುವು, ಎರಡು, ಬಿಡುವು: ಒಟ್ಟು 12 ಮಾತ್ರೆ. ಒಬ್ಬರು ಅದನ್ನೇ ಬಿಡದೆ ತಟ್ಟಬೇಕು. ಇನ್ನೊಬ್ಬರು ಕೆಲವು ಆವರ್ತಗಳಿಗೊಮ್ಮೆ ಒಂದೊಂದು ಮಾತ್ರೆ ಸರಿಯುತ್ತ, ಹನ್ನೆರಡನೆಯ ಸರಿತಕ್ಕೆ ಮತ್ತೆ ಕೂಡಿಕೊಳ್ಳಬೇಕು. ಲಯದಲ್ಲಿ ಪಳಗಿದವರೂ ನಡುವೆ ತಪ್ಪುತ್ತಾರೆ.

ಪುಟ ಕೊಡುವುದನ್ನು ಮಾತ್ರ ನಿಲ್ಲಿಸಲಾರೆ. ಮುಂದಿನ ಸಂಚಿಕೆಯಲ್ಲಿ ಪ್ಯಾರಿಸ್ಸಿನ ಸಂಯೋಜಕಿ ಎಲಿಯಾನ್ ರಾದಿಗ್ ಬಗ್ಗೆ ಬರಹವಿದೆ. ದಶಕಗಳ ಕಾಲ ಸಿಂಥಸೈಜರ್ ಒಂದರಲ್ಲೇ ಕೆಲಸ ಮಾಡಿದ ಆಕೆ, 2011ರಲ್ಲಿ ಆರಂಭಿಸಿದ ಕೃತಿಮಾಲೆಗೆ ಸ್ವರಲಿಪಿಯನ್ನೇ ಬರೆಯಲಿಲ್ಲ. ವಾದಕರನ್ನು ಎದುರು ಕೂರಿಸಿಕೊಂಡು ಮಾತಿನಲ್ಲೇ ಹೇಳಿಕೊಟ್ಟರು. ಓದಿ, ಒಪ್ಪದಿದ್ದರೆ ಮತ್ತೆ ಬರೆಯಿರಿ.

— ಸಂಪಾದಕ